ಕೃಪಾಣದಲ್ಲಿ ಕೃಪೆಯಿಲ್ಲ

ಸನ್ಮಾನ ಸಮಾರಂಭಗಳಲ್ಲಿ ಶಾಲು, ಹಾರ, ಫಲತಾಂಬೂಲಗಳ ಜೊತೆಗೆ ಬೆಳ್ಳಿಯ ಖಡ್ಗವೊಂದನ್ನು ಗಣ್ಯರ ಕೈಗೆ ಕೊಡುವ ಪರಿಪಾಠ ಕರ್ನಾಟಕದಲ್ಲಿ ಬೇರೂರಿ ಬಹಳ ವರ್ಷಗಳಾದವು. ಸ್ವೀಕರಿಸಿದವರು ಅದನ್ನು ಒರೆಯಿಂದ ಹಿರಿದು ಮೇಲೆತ್ತುತ್ತಾರೆ. ಛಾಯಾಚಿತ್ರಗ್ರಾಹಕರು ಆ ಕ್ಷಣಕ್ಕಾಗಿಯೇ ಕಾದಿರುತ್ತಾರೆ. ಸಭೆ ಚಪ್ಪಾಳೆ ತಟ್ಟುತ್ತದೆ. ರಾಜಕೀಯ ಪಕ್ಷದ ವೇದಿಕೆಯ ಮೇಲೆ ಇದು ನಡೆದರೆ ಅದರ ವಿಮರ್ಶೆ ಧಾರ್ಮಿಕ ಪತ್ರಿಕೆಯ ಹೊಣೆಯಲ್ಲ. ಆದರೆ ಬಸದಿಯ ಪ್ರಾಂಗಣದಲ್ಲಿ, ಅಹಿಂಸೆಯೇ ಪರಮಧರ್ಮವೆಂದು ಬರೆದ ಫಲಕದ ಕೆಳಗೆ, ಶ್ರಾವಕರು ಕಾಣಿಕೆಯಾಗಿ ಕೊಟ್ಟ ಹಣದಿಂದ ಕೊಂಡ ಖಡ್ಗವು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುವುದಾದರೆ, ಅದನ್ನು ಔಪಚಾರಿಕತೆಯೆಂದು ಬಿಟ್ಟುಬಿಡಲಾಗದು.

ಪ್ರಶ್ನಿಸಿದವರಿಗೆ ಸಿದ್ಧ ಸಮಾಧಾನಗಳು ದೊರೆಯುತ್ತವೆ. ಕೃಪಾಣವೆಂದರೆ ಕೃಪೆಯ ಸಂಕೇತ ಎಂಬುದೊಂದು. ಆದಿನಾಥ ಭಗವಂತನೇ ಷಟ್ಕರ್ಮಗಳಲ್ಲಿ ಅಸಿಯನ್ನು ಮೊದಲಿಗೆ ಉಪದೇಶಿಸಿದನು ಎಂಬುದು ಇನ್ನೊಂದು. ಕನ್ನಡದಲ್ಲಿ ಬಾಳು ಎಂದರೆ ಖಡ್ಗವೂ ಹೌದು, ಜೀವನವೂ ಹೌದು ಎಂಬುದು ಭಾಷಣಕಾರರಿಗೆ ಪ್ರಿಯವಾದ ಮತ್ತೊಂದು. ಕೊನೆಗೆ, ಬೆಳ್ಳಿಯ ಖಡ್ಗ ಯಾರನ್ನು ಕಡಿದೀತು ಎಂಬ ನಗೆಮಾತು. ಈ ನಾಲ್ಕರಲ್ಲಿ ಮೂರು ಶಬ್ದಾರ್ಥವನ್ನೇ ಆಶ್ರಯಿಸಿವೆ. ಆದ್ದರಿಂದ ಶಬ್ದಗಳನ್ನೇ ಸಾಕ್ಷಿಗೆ ಕರೆಯುವುದು ನ್ಯಾಯ.

ಮೊದಲು ಕೃಪಾಣ. ಕೃಪೆ ಮತ್ತು ಆನ್ ಎಂಬೆರಡು ಮಾತು ಸೇರಿ, ದಯೆ ಹಾಗೂ ಮಾನಗಳನ್ನು ಕಾಯುವುದು ಎಂಬ ಅರ್ಥವನ್ನು ಸಿಖ್ ಬಾಂಧವರು ಈ ಶಬ್ದದಲ್ಲಿ ಕಾಣುತ್ತಾರೆ. ಅದು ಅವರ ಧರ್ಮದ ವ್ಯಾಖ್ಯಾನ. ಅಮೃತಧಾರಿಗಳು ಅದನ್ನು ವ್ರತವಾಗಿ ಧರಿಸುತ್ತಾರೆ, ಭಾರತ ಸಂವಿಧಾನದ 25ನೆಯ ವಿಧಿಯ ವಿವರಣೆಯೂ ಅದನ್ನು ಅವರ ಧರ್ಮಾಚರಣೆಯ ಭಾಗವೆಂದು ಮನ್ನಿಸಿದೆ. ಬೀದರಿನ ನಾನಕ ಝೀರಾಕ್ಕೆ ಹೋದವರು ಆ ಶ್ರದ್ಧೆಯನ್ನು ಗೌರವದಿಂದಲೇ ನೋಡಿರುತ್ತಾರೆ. ಆದರೆ ಒಂದು ಧರ್ಮದವರು ವ್ರತದ ಭಾರ ಹೊತ್ತು ಕೊಟ್ಟುಕೊಂಡ ಅರ್ಥವನ್ನು ಇನ್ನೊಂದು ಧರ್ಮದವರು ಸನ್ಮಾನದ ಅನುಕೂಲಕ್ಕೆ ಎರವಲು ಪಡೆಯುವುದು ಸರಿಯಲ್ಲ. ಸಂಸ್ಕೃತದ ಮಟ್ಟಿಗೆ ಕೃಪಾಣದ ಕಥೆಯೇ ಬೇರೆ. ಅಮರಕೋಶದಲ್ಲಿ ಕೃಪಾಣೀ ಮತ್ತು ಕರ್ತರೀ ಒಂದೇ ಅರ್ಥದ ಮಾತುಗಳು. ಎರಡೂ ಕತ್ತರಿಯ ಹೆಸರು. ಕೃಪಾಣವು ಆ ಕುಟುಂಬದ ದೊಡ್ಡ ಅಣ್ಣ. ಕತ್ತರಿಸು, ಕೊಯ್ಯು ಎಂಬ ಅರ್ಥದ ಹಳೆಯ ಧಾತುವೊಂದು ಇದರ ಬುಡದಲ್ಲಿದೆಯೆಂದೂ, ಲ್ಯಾಟಿನ್ ಭಾಷೆಯಲ್ಲಿ ಕೊಯ್ಯುವುದಕ್ಕೆ ಇರುವ ಕಾರ್ಪೆರೆ ಎಂಬ ಮಾತು ಇದರ ದೂರದ ಬಂಧುವೆಂದೂ ಭಾಷಾಶಾಸ್ತ್ರಜ್ಞರು ಹೇಳುತ್ತಾರೆ. ಇನ್ನು ಕೋಶಗಳ ವ್ಯಾಖ್ಯಾನಕಾರರು ಕೃಪೆಯನ್ನು ಈ ಶಬ್ದದೊಳಗೆ ಕಂಡದ್ದುಂಟು, ಆದರೆ ತಿರುಗುಮುರುಗಾಗಿ: ಕೃಪೆಯನ್ನು ದೂರಕ್ಕೆ ನೂಕುವುದರಿಂದ ಅದು ಕೃಪಾಣ ಎಂಬುದು ಅವರ ನಿರ್ವಚನ. ವ್ಯುತ್ಪತ್ತಿಯಾಗಿ ಅದು ಎಷ್ಟು ನಿಲ್ಲುವುದೋ ಬೇರೆ ಮಾತು. ಖಡ್ಗ ಹಿಡಿದ ಕೈಯನ್ನು ಹತ್ತಿರದಿಂದ ಕಂಡವರು ಮಾಡಿದ ನಿರ್ವಚನ ಅದು ಎಂಬುದರಲ್ಲಿ ಸಂದೇಹವಿಲ್ಲ.

ಇಷ್ಟಕ್ಕೇ ಮುಗಿಯುವುದಿಲ್ಲ. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಅನರ್ಥದಂಡವನ್ನು ವಿವರಿಸುವಾಗ ಹಿಂಸಾದಾನವೆಂದರೇನೆಂದು ಹೇಳಿದ್ದಾರೆ. ಕೊಲೆಗೆ ಕಾರಣವಾಗುವ ವಸ್ತುಗಳನ್ನು ಪರರಿಗೆ ಕೊಡುವುದೇ ಹಿಂಸಾದಾನ. ಅವರು ಕೊಟ್ಟ ಪಟ್ಟಿಯಲ್ಲಿ ಪರಶು ಇದೆ, ಗುದ್ದಲಿಯಿದೆ, ಬೆಂಕಿಯಿದೆ, ಆಯುಧವಿದೆ, ವಿಷವಿದೆ, ಸಂಕೋಲೆಯಿದೆ. ಪರಶುವಿನ ನಂತರ, ಎರಡನೆಯ ಸ್ಥಾನದಲ್ಲಿ ಇರುವ ಶಬ್ದವೇ ಕೃಪಾಣ. ಆಯುಧ ಎಂಬ ಸಾಮಾನ್ಯ ಶಬ್ದದಲ್ಲಿ ಅದು ಅಡಕವಾಗುತ್ತಿತ್ತು. ಆದರೂ ಆಚಾರ್ಯರು ಹೆಸರಿಟ್ಟು ಹೇಳಿದರು. ಪೂಜ್ಯಪಾದರ ಸರ್ವಾರ್ಥಸಿದ್ಧಿಯಲ್ಲಿಯೂ ಇದೇ ಪ್ರಸಂಗದಲ್ಲಿ ವಿಷ, ಮುಳ್ಳು, ಶಸ್ತ್ರ, ಅಗ್ನಿ, ಹಗ್ಗ, ಚಾವಟಿ, ದಂಡಗಳ ಪಟ್ಟಿಯಿದೆ. ಪಂಡಿತ ಆಶಾಧರರು ಸಾಗಾರಧರ್ಮಾಮೃತದಲ್ಲಿ ಇನ್ನೂ ಸೂಕ್ಷ್ಮಕ್ಕೆ ಇಳಿದು, ಪರಸ್ಪರ ದಾಕ್ಷಿಣ್ಯವಿರುವವರನ್ನು ಬಿಟ್ಟು ಉಳಿದವರಿಗೆ ಅಡಿಗೆಯ ಸಲುವಾಗಿಯಾದರೂ ಬೆಂಕಿ ಮೊದಲಾದುದನ್ನು ಕೊಡಬಾರದೆಂದರು. ಒಲೆಯ ಕೆಂಡವನ್ನು ಕೊಡುವಾಗಲೂ ವಿವೇಚಿಸಬೇಕೆಂದ ಪರಂಪರೆಯ ವಾರಸುದಾರರು ಒರೆಸಹಿತವಾದ ಖಡ್ಗವನ್ನು ನಿಶ್ಚಿಂತೆಯಿಂದ ಕೊಡುತ್ತಾರೆ, ಅದೂ ಸ್ವಾಧ್ಯಾಯ ನಡೆದ ಮಂಟಪದಲ್ಲಿಯೇ.

ಖಡ್ಗಕ್ಕೆ ಅಮರಸಿಂಹನು ಒಟ್ಟುಗೂಡಿಸಿದ ಹೆಸರುಗಳು ಒಂದೊಂದೂ ಒಂದೊಂದು ಕಥೆ ಹೇಳುತ್ತವೆ. ನಿಸ್ತ್ರಿಂಶ ಎಂದರೆ ಮೂವತ್ತನ್ನು ಮೀರಿದ್ದು. ಮೂವತ್ತು ಅಂಗುಲಕ್ಕಿಂತ ಉದ್ದವಾದ ಅಲಗಿಗೆ ಈ ಹೆಸರು. ಮೊದಲಿಗೆ ಇದು ಬರಿಯ ಅಳತೆಯ ಮಾತು, ಕಮ್ಮಾರನ ಲೆಕ್ಕ. ಆದರೆ ಕಾಲಕ್ರಮದಲ್ಲಿ ಸಂಸ್ಕೃತದಲ್ಲಿ ನಿಸ್ತ್ರಿಂಶನೆಂದರೆ ನಿರ್ದಯ, ಕ್ರೂರಿ ಎಂಬ ಅರ್ಥವೂ ನೆಲೆಗೊಂಡಿತು. ವಸ್ತುವಿನ ಗುಣ ಹಿಡಿದವನಿಗೆ ಅಂಟಿಕೊಂಡಿತು. ಸಭೆಯಲ್ಲಿ ಕೊಡುವ ಖಡ್ಗವು ಮೂವತ್ತು ಅಂಗುಲಕ್ಕೆ ಮೀರಿದ್ದಾದರೆ, ನಿಘಂಟಿನ ಪ್ರಕಾರ ಸನ್ಮಾನಿತರಿಗೆ ಯಾವ ಬಿರುದು ಸಲ್ಲುವುದೆಂಬುದನ್ನು ಸಂಘಟಕರು ಒಮ್ಮೆ ಯೋಚಿಸಬಹುದು.

ಕೌಕ್ಷೇಯಕವೆಂಬ ಹೆಸರು ಕುಕ್ಷಿಯಿಂದ ಬಂದದ್ದು. ಹೊಟ್ಟೆಯ ಮಗ್ಗುಲಲ್ಲಿ ತೂಗುವುದರಿಂದ ಅದು ಕೌಕ್ಷೇಯಕ. ಅರಬ್ಬಿ ಭಾಷೆಯಲ್ಲಿ ಮಗ್ಗುಲಿಗೆ ಜನ್ಬ್ ಎಂದು ಹೆಸರು. ಜಂಬಿಯಾ ಎಂಬ ಬಾಕಿನ ಹೆಸರೂ ಹಾಗೆಯೇ ಹುಟ್ಟಿದ್ದು. ಇಲ್ಲಿ ಮುಧೋಳದವರಿಗೆ ರುಚಿಸುವ ಸಂಗತಿಯೊಂದಿದೆ. ಪಾಣಿನಿಯು ಒಂದೇ ಸೂತ್ರದಲ್ಲಿ ಕುಲ, ಕುಕ್ಷಿ, ಗ್ರೀವಾ ಎಂಬ ಮೂರು ಶಬ್ದಗಳಿಂದ ಮೂರು ಹೆಸರುಗಳನ್ನು ಸಾಧಿಸಿದ್ದಾನೆ: ಒಳ್ಳೆಯ ತಳಿಯ ನಾಯಿಗೆ ಕೌಲೇಯಕ, ಖಡ್ಗಕ್ಕೆ ಕೌಕ್ಷೇಯಕ, ಕೊರಳ ಆಭರಣಕ್ಕೆ ಗ್ರೈವೇಯಕ. ಬೇಟೆಯ ನಾಯಿಗೆ ದೇಶದಲ್ಲೆಲ್ಲ ಹೆಸರಾದ ಊರಿನಲ್ಲಿ, ಘೋರ್ಪಡೆ ಸಂಸ್ಥಾನಿಕರ ದರಬಾರಿನಲ್ಲಿ, ನಾಯಿ, ಕತ್ತಿ, ಕೊರಳ ಹಾರ ಮೂರೂ ಒಟ್ಟಿಗೆ ಇದ್ದವು. ಜೈನರಿಗೆ ಮೂರನೆಯ ಶಬ್ದದ ಪರಿಚಯ ಹೆಚ್ಚು. ಲೋಕಪುರುಷನ ಕೊರಳ ಸ್ಥಾನದಲ್ಲಿರುವ ಒಂಬತ್ತು ಸ್ವರ್ಗಗಳು ಗ್ರೈವೇಯಕಗಳು. ಒಂದೇ ಸೂತ್ರದಲ್ಲಿ ಹುಟ್ಟಿದ ಶಬ್ದಗಳಲ್ಲಿ ಒಂದು ಸೊಂಟದಲ್ಲಿ ನಿಂತಿತು, ಇನ್ನೊಂದು ಸ್ವರ್ಗಕ್ಕೆ ಏರಿತು.

ಯುದ್ಧದವರು ಇಟ್ಟ ಹೆಸರುಗಳಲ್ಲಿ ಹೆಚ್ಚು ಮೋಸದ್ದು ಚಂದ್ರಹಾಸ. ಅಲಗಿನ ಹೊಳಪನ್ನು ಚಂದ್ರನ ನಗೆಗೆ ಹೋಲಿಸಿದ ಹೆಸರದು. ರಾವಣನ ಖಡ್ಗಕ್ಕೆ ವಾಲ್ಮೀಕಿ ರಾಮಾಯಣದ ಉತ್ತರಕಾಂಡ ಈ ಹೆಸರನ್ನು ಕೊಟ್ಟಿದೆ. ಜೈನ ರಾಮಾಯಣಗಳಲ್ಲಿ ಇದಕ್ಕೆ ಜೊತೆಯಾಗಿ ಸೂರ್ಯಹಾಸವೆಂಬ ಇನ್ನೊಂದು ಖಡ್ಗ ಬರುತ್ತದೆ. ವಿಮಲಸೂರಿಯ ಪಉಮಚರಿಯ, ರವಿಷೇಣರ ಪದ್ಮಪುರಾಣ, ಕನ್ನಡದಲ್ಲಿ ನಾಗಚಂದ್ರನ ರಾಮಚಂದ್ರಚರಿತ ಪುರಾಣ ಇವುಗಳನ್ನು ಓದಿದ ಮನೆಗಳಲ್ಲಿ ಆ ಪ್ರಸಂಗ ಗೊತ್ತಿರುವುದೇ. ಚಂದ್ರನಖಿಯ ಮಗ ಶಂಬೂಕನು ಬಿದಿರುಮೆಳೆಯೊಳಗೆ ಕುಳಿತು ಸೂರ್ಯಹಾಸವನ್ನು ಪಡೆಯಲು ವರ್ಷಗಟ್ಟಲೆ ಸಾಧನೆ ಮಾಡುತ್ತಾನೆ. ಖಡ್ಗ ಪ್ರತ್ಯಕ್ಷವಾಗುತ್ತದೆ. ಆದರೆ ಅವನು ಕೈಗೆ ತೆಗೆದುಕೊಳ್ಳುವ ಮೊದಲು ಆ ದಾರಿಯಲ್ಲಿ ಬಂದ ಲಕ್ಷ್ಮಣನ ಕಣ್ಣಿಗೆ ಅದು ಬೀಳುತ್ತದೆ. ಎತ್ತಿಕೊಂಡವನಿಗೆ ಅದರ ಹರಿತವನ್ನು ಪರೀಕ್ಷಿಸುವ ಕುತೂಹಲ. ಬಿದಿರುಮೆಳೆಯ ಮೇಲೆ ಬೀಸುತ್ತಾನೆ. ಬಿದಿರಿನ ಜೊತೆಗೆ ಶಂಬೂಕನ ತಲೆಯೂ ಉರುಳುತ್ತದೆ. ವೈರವಿರಲಿಲ್ಲ, ಯುದ್ಧವಿರಲಿಲ್ಲ, ಪರಿಚಯವೂ ಇರಲಿಲ್ಲ. ಕೈಗೆ ಬಂದ ಸುಂದರವಾದ ಅಲಗನ್ನು ಒಮ್ಮೆ ಬೀಸಿ ನೋಡಬೇಕೆನಿಸಿತು, ಅಷ್ಟೇ. ಮುಂದಿನ ಸೀತಾಪಹರಣಕ್ಕೂ ಲಂಕೆಯ ಸಂಗ್ರಾಮಕ್ಕೂ ಬೀಜ ಅಲ್ಲಿಯೇ ಬಿದ್ದಿತು. ವೇದಿಕೆಯ ಮೇಲೆ ಖಡ್ಗವನ್ನು ಝಳಪಿಸಿ ಛಾಯಾಚಿತ್ರಕ್ಕೆ ನಿಲ್ಲುವವರ ಮುಖದ ಉತ್ಸಾಹವನ್ನು ನೋಡಿದವರಿಗೆ ಈ ಪ್ರಸಂಗ ನೆನಪಾಗಬೇಕು. ಪ್ರಮಾದಯೋಗದಿಂದ ಪ್ರಾಣವನ್ನು ಕಳೆಯುವುದೇ ಹಿಂಸೆಯೆಂದು ತತ್ತ್ವಾರ್ಥಸೂತ್ರ ಹೇಳುವುದು ಇಂತಹ ಉತ್ಸಾಹವನ್ನೂ ಕುರಿತೇ.

ಇದಕ್ಕೆ ವಿರುದ್ಧವಾಗಿ, ಕೃಷ್ಣಾ ಘಟಪ್ರಭಾ ನದಿಗಳ ನಡುವಣ ಈ ನಾಡಿನ ಹೊಲಮನೆಗಳಲ್ಲಿರುವ ಅಲಗುಗಳ ಹೆಸರನ್ನು ನೋಡಬೇಕು. ಕುಡುಗೋಲು ಎಂದರೆ ಕುಡುವಾದ, ಅಂದರೆ ಬಾಗಿದ ಕೋಲು. ಬೀಳಗಿ, ಮುಧೋಳ, ಜಮಖಂಡಿಯ ಕಬ್ಬಿನ ಗದ್ದೆಗಳಲ್ಲಿ ಕಟಾವಿನ ಕಾಲಕ್ಕೆ ಸಾವಿರಾರು ಕೈಗಳಲ್ಲಿರುವ ಕೊಯ್ತಾ, ಮರಾಠಿಯವರದೆಂದು ತೋರಿದರೂ ಒಳಗೆ ಇರುವುದು ದ್ರಾವಿಡದ ಕೊಯ್ ಎಂಬ ಧಾತುವೇ. ಕತ್ತಿ ಎಂಬುದು ತಮಿಳು, ಮಲಯಾಳ, ತೆಲುಗು, ಕನ್ನಡಗಳೆಲ್ಲಕ್ಕೂ ಸಾಮಾನ್ಯವಾದ ಮಾತು. ತರಕಾರಿ ಹೆಚ್ಚುವುದಕ್ಕೂ ತಲೆ ಕಡಿಯುವುದಕ್ಕೂ ಅದೇ. ಈ ಹೆಸರುಗಳಲ್ಲಿ ಚಂದ್ರನ ನಗೆಯಿಲ್ಲ. ವಸ್ತು ಹೇಗಿದೆ, ಏನು ಮಾಡುತ್ತದೆ ಎಂಬಷ್ಟನ್ನೇ ಅವು ಹೇಳುತ್ತವೆ. ಮಹಾನವಮಿಯಲ್ಲಿ ಉತ್ತರ ಕರ್ನಾಟಕದ ಮನೆಗಳು ಮಾಡುವ ಪೂಜೆಗೆ ಖಂಡೆಪೂಜೆಯೆಂದೇ ಹೆಸರು. ಖಂಡೆಯವೆಂಬುದು ಖಡ್ಗದ ತದ್ಭವ. ಆದರೆ ರಬಕವಿ-ಬನಹಟ್ಟಿಯ ನೇಕಾರರ ಮನೆಯಲ್ಲಿ ಆ ದಿನ ಪೂಜೆಗೊಳ್ಳುವುದು ಮಗ್ಗ, ಲಾಳಿ, ಕತ್ತರಿ. ಒಕ್ಕಲಿಗರ ಮನೆಯಲ್ಲಿ ಕುಡುಗೋಲು, ಕೊಡಲಿ, ನೇಗಿಲು. ಖಡ್ಗವೆಂಬ ಹೆಸರು ಉಳಿದು ಖಡ್ಗ ಮಾತ್ರ ಜಾರಿಹೋಯಿತು. ಅದರ ಸ್ಥಾನಕ್ಕೆ ದುಡಿಮೆಯ ಸಾಧನ ಬಂದಿತು. ಯಾವ ಧರ್ಮೋಪದೇಶಕರೂ ಹೇಳದೆ ಜನರೇ ಮಾಡಿಕೊಂಡ ಈ ಬದಲಾವಣೆಗೆ ಸನ್ಮಾನ ಸಮಿತಿಗಳು ಹಿಮ್ಮುಖವಾಗಿ ನಡೆಯುತ್ತಿವೆ. 1959ರ ಶಸ್ತ್ರಾಸ್ತ್ರ ಕಾಯಿದೆಯೂ ಮನೆಗೆಲಸ, ಬೇಸಾಯಗಳಿಗೆಂದೇ ಮಾಡಿದ ಸಾಧನಗಳನ್ನು ಶಸ್ತ್ರದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಕಾಯಿದೆಗೆ ತಿಳಿದ ಅಂತರ ಟ್ರಸ್ಟಿಗಳಿಗೆ ತಿಳಿಯದೆ ಇರಲಾರದು.

ಈ ಸೀಮೆಯಲ್ಲಿ ಆಯುಧಕ್ಕೆ ಹತಾರ ಅಥವಾ ಹತ್ಯಾರ ಎಂದು ಆಡುವರು. ಹತ್ಯೆಯಿಂದ ಹತ್ಯಾರ ಬಂದಿತೆಂದು ಹಲವರ ಭಾವನೆ. ಹಾಗಲ್ಲ. ಹಿಂದಿ, ಮರಾಠಿಗಳ ಹಾಥ್, ಹಾತ್ ಎಂಬ ಕೈಯ ಹೆಸರಿನಿಂದ ಬಂದ ಶಬ್ದವದು. ಕೈಯಲ್ಲಿ ಹಿಡಿಯುವ ಸಾಧನ ಎಂದಷ್ಟೇ ಅದರ ಮೂಲಾರ್ಥ. ಬಡಿಗರು ಉಳಿ ಬಾಚಿಗಳಿಗೂ ಹತ್ಯಾರವೆನ್ನುವುದು ಅದರಿಂದಲೇ. ಈ ಶಬ್ದದ ಬೆಲೆ ಎಷ್ಟೆಂಬುದು ಮುಧೋಳ ಸಂಸ್ಥಾನದ ಹಲಗಲಿಯವರಿಗೆ 1857ರಲ್ಲಿ ತಿಳಿಯಿತು. ಪರವಾನಗಿಯಿಲ್ಲದೆ ಆಯುಧ ಇಡಬಾರದೆಂದು ಕಂಪನಿ ಸರಕಾರ ಮಾಡಿದ ಕಾಯಿದೆಯನ್ನು ಅಲ್ಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರಿನಲ್ಲಿ ಸೈನ್ಯ ಬಂದಿತು, ಊರು ಸುಟ್ಟಿತು, ಸೆರೆಸಿಕ್ಕ ಹಲವರನ್ನು ಗಲ್ಲಿಗೇರಿಸಲಾಯಿತು. ಆ ಕಥೆ ಲಾವಣಿಯಾಗಿ ಉಳಿದು, ಫ್ಲೀಟರ ಸಂಗ್ರಹದ ಮೂಲಕ ವಿದ್ವಾಂಸರ ಕೈಸೇರಿತು. ಬೇಟೆ ಮತ್ತು ಕಾವಲುಗಳೇ ವೃತ್ತಿಯಾಗಿದ್ದ ಆ ಜನಕ್ಕೆ ಹತಾರವು ಅನ್ನವಾಗಿತ್ತು, ಮಾನವಾಗಿತ್ತು. ಅವರು ಪ್ರಾಣ ಕೊಟ್ಟು ಉಳಿಸಿಕೊಳ್ಳಲು ಹೆಣಗಿದ್ದನ್ನು ಇಂದು ಗಾಜಿನ ಕಪಾಟಿನ ಅಲಂಕಾರವಾಗಿ ಹಂಚುವುದು ಅವರ ನೆನಪಿಗೂ ಶೋಭೆಯಲ್ಲ.

ಪ್ರಸಂಗವಶಾತ್ ಇನ್ನೊಂದು ಮಾತು. ತಲವಾರ ಹಿಡಿದವನು ತಳವಾರ ಎಂಬ ವಿವರಣೆ ಊರೂರುಗಳಲ್ಲಿ ಕೇಳಿಬರುತ್ತದೆ. ತಲವಾರವು ಸಂಸ್ಕೃತದ ತರವಾರಿಯ ರೂಪಾಂತರ. 12ನೆಯ ಶತಮಾನದ ಜೈನಾಚಾರ್ಯ ಹೇಮಚಂದ್ರರ ಅಭಿಧಾನಚಿಂತಾಮಣಿಯಲ್ಲಿ ಆ ಶಬ್ದವಿದೆ. ತಳವಾರನಾದರೋ ಅದಕ್ಕಿಂತ ಬಹಳ ಹಳಬ. ನಾಗಾರ್ಜುನಕೊಂಡದ ಇಕ್ಷ್ವಾಕು ಶಾಸನಗಳಲ್ಲಿ ಮಹಾತಲವರರಿದ್ದಾರೆ, ಕಲ್ಪಸೂತ್ರದ ಪ್ರಾಕೃತದಲ್ಲಿಯೂ ತಲವರರಿದ್ದಾರೆ. ಊರು ಕಾಯುವ ಅಧಿಕಾರದ ಹೆಸರು ಅದು, ಕತ್ತಿಯದಲ್ಲ. ಕಾಯುವವನನ್ನು ಕತ್ತಿಯಿಂದಲೇ ಗುರುತಿಸಬೇಕೆಂಬ ಹಟ ಆಮೇಲಿನದು.

ಬಾಳು ಎಂಬ ಶಬ್ದದ ಮೇಲೆ ಕಟ್ಟಿದ ವಾದವೂ ಇದೇ ಜಾತಿಯದು. ಹಳಗನ್ನಡದಲ್ಲಿ ಖಡ್ಗಕ್ಕೆ ಬಾಳ್, ಜೀವಿಸುವುದಕ್ಕೆ ಬಾೞ್. ಎರಡರ ಕೊನೆಯ ಅಕ್ಷರ ಬೇರೆ, ಉಚ್ಚಾರ ಬೇರೆ, ಮೂಲವೂ ಬೇರೆ. ತಮಿಳರೂ ಮಲಯಾಳಿಗಳೂ ಈಗಲೂ ಎರಡನ್ನೂ ಬೇರೆಬೇರೆಯಾಗಿಯೇ ಬರೆಯುತ್ತಾರೆ. ಕನ್ನಡದಲ್ಲಿ ರಳವೆಂಬ ಆ ಅಕ್ಷರ ಸವೆದುಹೋಗುತ್ತಿದ್ದ ಕಾಲದಲ್ಲಿ, 13ನೆಯ ಶತಮಾನದ ಜೈನ ವೈಯಾಕರಣ ಕೇಶಿರಾಜನು ಶಬ್ದಮಣಿದರ್ಪಣದಲ್ಲಿ ರಳವಿರುವ ಶಬ್ದಗಳನ್ನು ಹೆಕ್ಕಿ ಕೊಟ್ಟನು. ಮುಂದೆ ಲಿಪಿಯಿಂದಲೇ ಆ ಅಕ್ಷರ ಬಿಟ್ಟುಹೋಗಿ ಖಡ್ಗವೂ ಜೀವನವೂ ಒಂದೇ ಉಡುಪು ತೊಟ್ಟವು. ಬಾಳಿಗೆ ಬಾಳೇ ಆಧಾರವೆಂದು ಗುಡುಗುವ ಭಾಷಣಕಾರರು ನಿಜವಾಗಿ ಆಧಾರ ಮಾಡಿಕೊಂಡಿರುವುದು ಒಂದು ಅಕ್ಷರದ ಲೋಪವನ್ನು. ಕನ್ನಡದ ಪೂರ್ವಿಕರು ಬದುಕನ್ನೂ ಅದನ್ನು ಕಳೆಯುವ ಸಾಧನವನ್ನೂ ನಾಲಗೆಯ ಮೇಲೆ ಬೇರೆಯಾಗಿಯೇ ಇಟ್ಟಿದ್ದರು. ಕರವಾಳವೆಂಬ ಸಂಸ್ಕೃತ ಶಬ್ದದೊಳಗೂ ಈ ದ್ರಾವಿಡದ ಬಾಳ್-ವಾಳ್ ಅಡಗಿದೆಯೆಂಬ ಅಭಿಪ್ರಾಯ ವಿದ್ವಾಂಸರಲ್ಲಿದೆ.

ಅಸಿಯ ವಾದ ಇವೆಲ್ಲಕ್ಕಿಂತ ಗಂಭೀರವಾದದ್ದು, ಆದ್ದರಿಂದ ನಿಧಾನವಾಗಿ ನೋಡತಕ್ಕದ್ದು. ಕಲ್ಪವೃಕ್ಷಗಳು ಕ್ಷೀಣಿಸಿ 'ಬದುಕುವುದೆಂತು' ಎಂದು ಪ್ರಜೆಗಳು ಮೊರೆಯಿಟ್ಟಾಗ ವೃಷಭದೇವನು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ ಎಂಬ ಆರು ಜೀವನೋಪಾಯಗಳನ್ನು ಕಲಿಸಿದನೆಂದು ಜಿನಸೇನರ ಆದಿಪುರಾಣ ಹೇಳುತ್ತದೆ. ಅಸಿ ಎಂಬುದು ಬಹಳ ಪ್ರಾಚೀನವಾದ ಶಬ್ದ. ಲ್ಯಾಟಿನ್ನಿನ ಎನ್ಸಿಸ್ ಅದರ ಸೋದರ. ಪಾಠಶಾಲೆಯ ಮಕ್ಕಳಿಗೆ ಹೇಳುವಾಗ ಅಸಿ ಎಂದರೆ ಬರಿಯ ಆಡಳಿತ ಎಂದು ಮೆತ್ತಗೆ ಮಾಡುವ ಉಪಾಧ್ಯಾಯರೂ ಇದ್ದಾರೆ. ಅದರ ಅಗತ್ಯವಿಲ್ಲ. ಅಸಿ ಎಂದರೆ ಖಡ್ಗವೇ, ಅಸಿಕರ್ಮವೆಂದರೆ ಖಡ್ಗ ಹಿಡಿದು ಪ್ರಜೆಗಳನ್ನು ಕಾಯುವ ವೃತ್ತಿಯೇ. ಗೃಹಸ್ಥನ ಹಿಂಸೆಯನ್ನು ಸಂಕಲ್ಪಿ, ಆರಂಭಿ, ಉದ್ಯೋಗಿ, ವಿರೋಧಿ ಎಂದು ನಾಲ್ಕಾಗಿ ವಿಂಗಡಿಸಿ, ಮೊದಲನೆಯದನ್ನು ಸರ್ವಥಾ ಬಿಡಬೇಕೆಂದೂ ಉಳಿದ ಮೂರರಲ್ಲಿ ಎಚ್ಚರದಿಂದಿರಬೇಕೆಂದೂ ಶ್ರಾವಕಾಚಾರ ವಿಧಿಸಿತು. ಗಡಿಯಲ್ಲಿ ನಿಂತ ಜೈನ ಸೈನಿಕನು ಈ ವ್ಯವಸ್ಥೆಯೊಳಗೆ ತಲೆಯೆತ್ತಿ ನಿಲ್ಲಬಲ್ಲ. ಕಬ್ಬಿಗೆ ಕೊಯ್ತಾ ಹಚ್ಚುವ ರೈತನೂ ನಿಲ್ಲಬಲ್ಲ. ಸನ್ಮಾನದ ಖಡ್ಗ ಎಲ್ಲಿ ನಿಲ್ಲುತ್ತದೆ? ಅದು ಅಡಿಗೆ ಮನೆಯ ಆರಂಭವಲ್ಲ, ಉದ್ಯೋಗವಲ್ಲ, ವಿರೋಧಿಯ ಎದುರಿನ ರಕ್ಷಣೆಯೂ ಅಲ್ಲ. ಯಾವ ಪ್ರಯೋಜನವೂ ಇಲ್ಲದ್ದಕ್ಕೆ ಆಚಾರ್ಯರು ಇಟ್ಟ ಹೆಸರು ಅನರ್ಥದಂಡ. ಆದಿನಾಥನು ಜೀವಿಕೆಗಾಗಿ ಹೇಳಿಕೊಟ್ಟದ್ದನ್ನು ಜಂಬಕ್ಕಾಗಿ ಉದಾಹರಿಸುವುದು ಭಗವಂತನಿಗೂ ಮಾಡುವ ಅನ್ಯಾಯ.

ಆ ಭಗವಂತನ ಮಕ್ಕಳ ಕಥೆಯನ್ನೂ ಇದೇ ಪುರಾಣ ಹೇಳುತ್ತದೆ. ಭರತ ಚಕ್ರವರ್ತಿಯ ಹದಿನಾಲ್ಕು ರತ್ನಗಳಲ್ಲಿ ಖಡ್ಗವೂ ಒಂದು. ಆದರೆ ತಮ್ಮನ ಮೇಲೆ ಯುದ್ಧ ನಿಂತಾಗ ಮಂತ್ರಿಗಳು ಸೈನ್ಯದ ರಕ್ತವನ್ನು ಉಳಿಸಲು ಗೊತ್ತುಮಾಡಿದ್ದು ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಮೂರರಲ್ಲಿ ಒಂದಕ್ಕೂ ಅಲಗು ಬೇಡ. ಸೋತ ಕೋಪದಲ್ಲಿ ಭರತನು ಚಕ್ರವನ್ನು ಪ್ರಯೋಗಿಸಿದನು. ಅದು ಬಾಹುಬಲಿಯನ್ನು ಸುತ್ತುಬಂದು ಸುಮ್ಮನೆ ನಿಂತಿತು. ಕಡಿಯಲೆಂದೇ ಹುಟ್ಟಿದ ಚಕ್ರ ಕಡಿಯಲೊಲ್ಲದೆ ಹೋದ ಆ ಗಳಿಗೆಯ ನಂತರ ಬಾಹುಬಲಿ ನಿಂತ ನಿಲುವಿಗೆ ಜೈನ ಶಿಲ್ಪಿಗಳು ಇಟ್ಟ ಹೆಸರು ಖಡ್ಗಾಸನ. ಕೈಗಳನ್ನು ಇಳಿಬಿಟ್ಟು, ನೆಲಕ್ಕೆ ನಾಟಿದ ಖಡ್ಗದಂತೆ ನೆಟ್ಟಗೆ ನಿಲ್ಲುವುದು. ಬಸದಿಗೆ ಹೋಗುವವರೆಲ್ಲ ಖಡ್ಗಾಸನದ ಮೂರ್ತಿಗೆ ಕೈಮುಗಿಯುತ್ತಾರೆ. ಆ ಕೈಗಳಲ್ಲಿ ಏನೂ ಇಲ್ಲವೆಂಬುದನ್ನು ಗಮನಿಸಿದವರು ಎಷ್ಟು ಮಂದಿಯೋ. ಖಡ್ಗವೆಂದರೆ ಘೇಂಡಾಮೃಗವೂ ಹೌದು. ಹನ್ನೊಂದನೆಯ ತೀರ್ಥಂಕರ ಶ್ರೇಯಾಂಸನಾಥನ ಲಾಂಛನ ಆ ಮೃಗವೇ, ಆಯುಧವಲ್ಲ. ಕೌಟಿಲ್ಯನು ಖಡ್ಗದ ಹಿಡಿಗೆ ಬೇಕಾದ ಪದಾರ್ಥಗಳನ್ನು ಹೇಳುವಾಗ ಖಡ್ಗಮೃಗದ ಕೊಂಬನ್ನೂ ಸೇರಿಸಿದ್ದಾನೆ: ಖಡ್ಗವನ್ನು ಕೊಂದು ಖಡ್ಗಕ್ಕೆ ಹಿಡಿ.

ಚಾವುಂಡರಾಯನನ್ನು ಮುಂದಿಟ್ಟು ವಾದಿಸುವವರೂ ಇಲ್ಲದಿಲ್ಲ. ಗಂಗರ ಆ ದಂಡನಾಯಕನಿಗೆ ಸಮರಪರಶುರಾಮ, ಸಮರಧುರಂಧರ, ವೀರಮಾರ್ತಂಡ ಎಂಬ ಬಿರುದುಗಳಿದ್ದವು, ನಿಜ. ಸತ್ಯಯುಧಿಷ್ಠಿರನೆಂಬ ಬಿರುದೂ ಇತ್ತು. ಅವನು ರಣದಲ್ಲಿ ಗಳಿಸಿದ ಹೆಸರುಗಳು ಅವನ ಸ್ವಾಮಿ ಕೊಟ್ಟವು. ಅವನು ತಾನಾಗಿ ಲೋಕಕ್ಕೆ ಕೊಟ್ಟದ್ದು ಒಂದು ಪುರಾಣಗ್ರಂಥ ಮತ್ತು ಬೆಳ್ಗೊಳದ ಗೊಮ್ಮಟ. ತೇರದಾಳದ ಮಂಡಲಿಕ ಗೊಂಕನೂ ಕತ್ತಿ ಹಿಡಿದ ಅರಸನೇ. 12ನೆಯ ಶತಮಾನದಲ್ಲಿ ಅವನು ಮಾಡಿಸಿದ್ದು ನೇಮಿನಾಥನ ಜಿನಾಲಯ. ಕತ್ತಿಯಿಂದ ಬದುಕಿದವರೂ ದಾನದ ಪ್ರಸಂಗ ಬಂದಾಗ ಕತ್ತಿಯನ್ನು ಕೊಡಲಿಲ್ಲ.

ಉಳಿದದ್ದು ಬೆಳ್ಳಿಯ ಮಾತು. ಬೆಳ್ಳಿಯ ಖಡ್ಗಕ್ಕೆ ಹರಿತವಿಲ್ಲ, ಅದು ಬರಿಯ ಆಕಾರ ಎಂಬ ಸಮಾಧಾನಕ್ಕೆ ಜನ್ನನ ಯಶೋಧರ ಚರಿತೆಗಿಂತ ಬೇರೆ ಉತ್ತರ ಬೇಡ. 1209ರ ಆ ಕಾವ್ಯದಲ್ಲಿ ಯಶೋಧರ ಅರಸನು ತಾಯಿ ಚಂದ್ರಮತಿಯ ಒತ್ತಾಯಕ್ಕೆ ಮಣಿದು, ಜೀವವಧೆ ಒಲ್ಲೆನೆಂದು, ಹಿಟ್ಟಿನ ಕೋಳಿಯನ್ನು ಬಲಿಕೊಡುತ್ತಾನೆ. ಹಿಟ್ಟಿಗೆ ಜೀವವಿರಲಿಲ್ಲ. ಆಕಾರವಿತ್ತು, ಸಂಕಲ್ಪವಿತ್ತು. ಆ ಸಂಕಲ್ಪಹಿಂಸೆಯ ಫಲವಾಗಿ ತಾಯಿಮಕ್ಕಳು ಜನ್ಮಜನ್ಮಾಂತರ ತಿರ್ಯಂಚ ಯೋನಿಗಳಲ್ಲಿ ತೊಳಲಿದರು. ಹಿಟ್ಟಿನ ಕೋಳಿಯ ಕಥೆಯನ್ನು ಪ್ರವಚನದಲ್ಲಿ ಕೇಳಿ ಕಣ್ಣೊರೆಸಿಕೊಂಡವರು ಬೆಳ್ಳಿಯ ಖಡ್ಗಕ್ಕೆ ದೋಷವಿಲ್ಲವೆನ್ನಲು ಹೇಗೆ ಸಾಧ್ಯ? ಆಕಾರಕ್ಕೆ ಬೆಲೆಯಿಲ್ಲವಾದರೆ ಅದನ್ನು ಕೊಡುವುದೇಕೆ? ಬೆಲೆಯಿದೆಯಾದರೆ ಅದು ಯಾವುದರ ಆಕಾರವೆಂಬುದೇ ಪ್ರಶ್ನೆ. ಮುನಿಗಳು ಕ್ಷೌರದ ಕ್ಷುರವನ್ನೂ ಮುಟ್ಟದೆ ಕೇಶಲೋಚ ಮಾಡುತ್ತಾರೆ. ಕ್ಷುರ ಎಂಬ ಆ ಸಣ್ಣ ಕತ್ತಿಯಿಂದಲೇ ಕ್ಷುರಿಕೆ, ಛುರಿಕೆ, ಚೂರಿ, ಕನ್ನಡದ ಸುರಗಿ ಇವೆಲ್ಲ ಹುಟ್ಟಿದವು. ಕೂದಲು ಬೋಳಿಸುವ ಅಲಗು ಕೂಡ ಪರಿಗ್ರಹವಾಗಬಾರದೆನ್ನುವ ಮಹಾತ್ಮರ ಸನ್ನಿಧಿಯಲ್ಲಿ, ಅವರು ಪಟ್ಟದಿಂದ ಇಳಿದುಹೋದ ಅರ್ಧ ಗಂಟೆಯಲ್ಲಿ, ಖಡ್ಗ ಹೊರಬರುತ್ತದೆ.

ಶಸ್ತ್ರ ಮತ್ತು ಶಾಸ್ತ್ರ ಎಂಬ ಎರಡು ಶಬ್ದಗಳ ನಡುವೆ ಇರುವುದು ಒಂದು ದೀರ್ಘ. ಶಸ್ ಎಂದರೆ ಹಿಂಸಿಸು, ಅದರಿಂದ ಶಸ್ತ್ರ. ಶಾಸ್ ಎಂದರೆ ಬೋಧಿಸು, ಅದರಿಂದ ಶಾಸ್ತ್ರ. ಪ್ರಾಕೃತಕ್ಕೆ ಬಂದರೆ ಎರಡೂ ಸತ್ಥವೇ ಆಗುತ್ತವೆ. ಶ್ವೇತಾಂಬರ ಆಗಮದ ಆಚಾರಾಂಗದ ಮೊದಲ ಅಧ್ಯಯನಕ್ಕೆ ಸತ್ಥಪರಿಣ್ಣಾ ಎಂದು ಹೆಸರು: ಶಸ್ತ್ರವೆಂದರೇನೆಂದು ಅರಿತು ಬಿಡುವುದು. ಅಲ್ಲಿ ಖಡ್ಗ ಮಾತ್ರ ಶಸ್ತ್ರವಲ್ಲ. ಪೃಥ್ವಿ, ಜಲ, ಅಗ್ನಿ, ವಾಯು, ವನಸ್ಪತಿ, ತ್ರಸ ಎಂಬ ಷಟ್ಕಾಯ ಜೀವಗಳನ್ನು ಬಾಧಿಸುವುದೆಲ್ಲವೂ ಶಸ್ತ್ರ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನವನ್ನು ಹೇಳುತ್ತ ಬಂದ ಸಮಾಜದಲ್ಲಿ ಶಾಸ್ತ್ರದಾನದ ದೀರ್ಘ ಎಲ್ಲಿಯೋ ಉದುರಿಹೋಗಿ ಶಸ್ತ್ರದಾನ ಉಳಿದಂತಾಗಿದೆ. ಅಭಯದಾನಕ್ಕಂತೂ ಅದು ನೇರ ವಿರೋಧ.

ದಾನಚಿಂತಾಮಣಿ ಅತ್ತಿಮಬ್ಬೆಯ ಮಾದರಿ ಈ ನಾಡಿಗೆ ಹೊರಗಿನದಲ್ಲ. ಅವಳ ಗಂಡ ನಾಗದೇವ ಚಾಲುಕ್ಯರ ದಂಡನಾಯಕ, ಯುದ್ಧದಲ್ಲಿ ಮಡಿದವನು. ಖಡ್ಗದಿಂದ ಬರುವ ಕೀರ್ತಿಯೂ ಖಡ್ಗದಿಂದ ಬರುವ ವೈಧವ್ಯವೂ ಆ ಮನೆಗೆ ಗೊತ್ತಿತ್ತು. ಅವಳು ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿಗಳಲ್ಲಿ ಬರೆಸಿ ಹಂಚಿದಳು. ಓಲೆಯ ಮೇಲೆ ಕಂಟದಿಂದ ಒಂದೊಂದೇ ಅಕ್ಷರ ಕೊರೆಯಬೇಕಿದ್ದ ಕಾಲದ ಸಾವಿರ ಪ್ರತಿ. ಅವಳ ಆಶ್ರಯದಲ್ಲಿ 993ರಲ್ಲಿ ಅಜಿತಪುರಾಣವನ್ನು ರಚಿಸಿದ ರನ್ನನು ಮುಧೋಳದ ಬಳೆಗಾರರ ಮನೆಯವನು. ಬಲಿಷ್ಠರ ಗದಾಯುದ್ಧವನ್ನು ಹಾಡಿದ ಅದೇ ಕವಿ ಆ ದಾನಶೀಲೆಯನ್ನೂ ಹಾಡಿದನು. ಕನ್ನಡದ ಮೊದಲ ನಿಘಂಟೆಂದು ಗಣಿಸುವ, ಅಲ್ಪಭಾಗ ಮಾತ್ರ ಉಳಿದಿರುವ ರನ್ನಕಂದವೂ ಅವನದೇ ಎನ್ನುತ್ತಾರೆ.

ಟ್ರಸ್ಟುಗಳಿಗೆ ಇದರಲ್ಲಿ ಕಷ್ಟವಾದದ್ದೇನೂ ಇಲ್ಲ. ಸನ್ಮಾನದ ಖರ್ಚಿನ ಬಾಬ್ತಿನಲ್ಲಿ ಖಡ್ಗವಿದ್ದ ಕಡೆ ಗ್ರಂಥವೆಂದು ಬರೆಯುವ ಒಂದು ಠರಾವು ಸಾಕು. ಆದಿಪುರಾಣವೋ ರತ್ನಕರಂಡಕವೋ, ಬರುವ ಗಣ್ಯರ ರುಚಿ ನೋಡಿ ಆರಿಸಬಹುದು. ಈಗಾಗಲೇ ಮನೆಯ ಕಪಾಟುಗಳಲ್ಲಿ, ಬಸದಿಯ ತಿಜೋರಿಗಳಲ್ಲಿ ಸೇರಿರುವ ಖಡ್ಗಗಳನ್ನು ಪತ್ತಾರರ ಕೈಗೆ ಕೊಟ್ಟರೆ ಅಭಿಷೇಕದ ಕಲಶಗಳಾಗುತ್ತವೆ. ಅವುಗಳಲ್ಲಿ ಕೆಲವು ಒಳಗೆ ಹಿತ್ತಾಳೆಯಿದ್ದು ಮೇಲೆ ಬೆಳ್ಳಿಯ ಲೇಪ ಮಾತ್ರ ಇರುವವು. ಅಂಥವನ್ನು ಬಸದಿಯ ಗಂಟೆಗೆ ಬಳಸಿಕೊಳ್ಳಬಹುದು.